ನಿವೃತ್ತರಾದವರು ಅವರು, ನೀವಲ್ಲ

ಪ್ರಶ್ನೆ: ನನಗೆ 56 ವರ್ಷ. ಕಲಬುರಗಿಯ ಸೇಡಂ ರಸ್ತೆಯ ಕಡೆ ನಮ್ಮ ಸ್ವಂತ ಮನೆ ಇದೆ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು, ಹೋದ ವರ್ಷ ನಿವೃತ್ತರಾದರು. ಅವರಿಗೆ ಕೆಲಸದುದ್ದಕ್ಕೂ ವರ್ಗಾವಣೆ. ಮಕ್ಕಳ ಶಾಲೆಗಾಗಿ ನಾನು ಇಲ್ಲೇ ಉಳಿದೆ. ಅವರು ಬೇರೆ ಬೇರೆ ಊರುಗಳಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಈಗ ಮಗ ಪುಣೆಯಲ್ಲಿದ್ದಾನೆ, ಮಗಳು ಹೈದರಾಬಾದಿನಲ್ಲಿದ್ದಾಳೆ. ಇವರು ದಿನವಿಡೀ ಅಮೆರಿಕದವರ ವಿಡಿಯೊ ನೋಡುತ್ತಾರೆ. ವಯಸ್ಸಾದ ಗಂಡ ಹೆಂಡತಿ ಮನೆ ಮಾರಿ, ದೊಡ್ಡ ಗಾಡಿಯಲ್ಲೇ ಸಂಸಾರ ಹೂಡಿ ತಿರುಗುತ್ತಾರೆ. ನಾವೂ ಹಾಗೆ ಮಾಡೋಣ ಎನ್ನುತ್ತಾರೆ. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ನೋಡಿಟ್ಟಿದ್ದಾರೆ. ಪರಿಚಯದ ಗ್ಯಾರೇಜಿನವರು ಒಳಗೆ ಹಾಸಿಗೆ, ಅಡುಗೆಕಟ್ಟೆ, ಪಾಯಿಖಾನೆ ಎಲ್ಲವನ್ನೂ ಮಾಡಿಕೊಡುತ್ತಾರಂತೆ. ಮನೆ ಮಾರಿದ ದುಡ್ಡಿನ ಬಡ್ಡಿಯಲ್ಲಿ ಜೀವನ ನಡೆಸೋಣ ಎಂದು ಅವರ ಲೆಕ್ಕ. ನಾನು ಮನೆ ಹಿಂದಿನ ಪತ್ರಾಸಿನ (ತಗಡಿನ) ಶೆಡ್ಡಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತೇನೆ. ‘ಅದೆಲ್ಲ ಇನ್ನು ಸಾಕು, ಆರಾಮಾಗಿರು’ ಎನ್ನುತ್ತಾರೆ. ಬೇಡ ಎಂದರೆ ಅವರ ಆಸೆಗೆ ಕಲ್ಲು ಹಾಕಿದಂತಾಗುತ್ತದೆ. ಬರುವ ಭಾನುವಾರ ಮನೆ ನೋಡಲು ದಲ್ಲಾಳಿ ಬರುತ್ತಾರೆ. ನಾನೇನು ಮಾಡಲಿ?

ಹೆಸರು ಬೇಡ, ಕಲಬುರಗಿ

ಉತ್ತರ: ಅಕ್ಕಾ, ಭಾನುವಾರ ದಲ್ಲಾಳಿ ಬರುವುದು ಬೇಡ. ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು, ಇದೊಂದನ್ನು ಇಂದೇ ಹೇಳಿಬಿಡಿ. ಮಾರುವುದೇ ಬೇಡ ಎಂದು ಹಟ ಹಿಡಿಯಬೇಕಾಗಿಲ್ಲ. ‘ನಾನು ಇನ್ನೂ ಒಪ್ಪಿಲ್ಲ, ಒಪ್ಪುವವರೆಗೆ ಮನೆಯನ್ನು ಯಾರಿಗೂ ತೋರಿಸಬೇಡಿ’ ಎಂದರೆ ಸಾಕು. ನೋಡಲು ಬಂದವರು ಒಂದು ಬೆಲೆ ಹೇಳುತ್ತಾರೆ. ಬೆಲೆ ಕಿವಿಗೆ ಬಿದ್ದ ಮೇಲೆ ಗಂಡ ಹೆಂಡತಿಯ ನಡುವೆ ದುಡ್ಡಿನ ಮಾತು ಬಿಟ್ಟು ಬೇರೆ ಮಾತು ನಡೆಯುವುದು ಕಷ್ಟ.

ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಇಷ್ಟು. ನಿಮ್ಮ ಯಜಮಾನರು ನಿವೃತ್ತರಾಗಿದ್ದಾರೆ, ನೀವು ಆಗಿಲ್ಲ. ಅವರ ಯೋಜನೆಯಲ್ಲಿ ಮಾತ್ರ ಇಬ್ಬರೂ ನಿವೃತ್ತರು. ರೊಟ್ಟಿಯ ಕೆಲಸದ ಬಗ್ಗೆ ನೀವು ಕೂಡ ಪತ್ರದ ಕೊನೆಯಲ್ಲಿ ಒಂದೇ ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ನಮ್ಮ ಕಡೆ ರೊಟ್ಟಿ ತಟ್ಟುವುದು ಹೆಂಗಸರು ಹೇಗೂ ಮಾಡುವ ಮನೆಗೆಲಸ, ಹಾಗಾಗಿ ಅದು ಉದ್ಯೋಗ ಎಂದು ಗಂಡಸರಿಗೆ ಹೊಳೆಯುವುದಿಲ್ಲ. ತಟ್ಟುವವರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಎಸರಿಟ್ಟು, ಹಿಟ್ಟು ಬಿಸಿಯಿರುವಾಗಲೇ ನಾದಿ, ಅಂಚು ಒಡೆಯದಂತೆ ತಟ್ಟಿ, ಹಂಚಿನ ಮೇಲೆ ನೀರು ಸವರಿ, ತಿರುವಿ, ಉಬ್ಬಿದ ಮೇಲೆ ಒಣಗಲು ಬಿಟ್ಟು ಕಡಕ್ ಮಾಡುವ ಈ ವಿದ್ಯೆಗೆ ಖಾನಾವಳಿಯವರು ದುಡ್ಡು ಕೊಡುತ್ತಾರೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೋಗುವವರೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಾಗಿ ನಿಮ್ಮಂಥವರ ಬಾಗಿಲಿಗೇ ಬರುತ್ತಾರೆ. ಇನ್ನಿಬ್ಬರ ಮನೆಯ ಒಲೆ ಉರಿಯುವುದೂ ಇದರಿಂದಲೇ. ಇದನ್ನು ‘ಸಾಕು’ ಎನ್ನಬೇಕಾದವರು ನೀವು ಮಾತ್ರ. ಅವರು ಪ್ರೀತಿಯಿಂದ ಹೇಳಿದ್ದರೂ ಅದು ಅವರು ಹೇಳುವ ಮಾತಲ್ಲ.

ಹಾಗೆಂದು ನಿಮ್ಮ ಯಜಮಾನರನ್ನು ದೂರಲು ನನಗೆ ಮನಸ್ಸಿಲ್ಲ. ಬಾಡಿಗೆ ಕೋಣೆ, ಮೆಸ್ಸಿನ ಊಟ, ಶನಿವಾರದ ಬಸ್ಸು: ಹೀಗೆ ಅವರ ಆಯುಷ್ಯದ ಬಹುಪಾಲು ಕಳೆದಿದೆ. ಮನೆ ಕಟ್ಟಿಸಿದವರು ಅವರು, ಆದರೆ ಅದರಲ್ಲಿ ನೆಲೆಯಾಗಿ ಬಾಳಲಿಲ್ಲ. ಈಗ ಬಂದು ಕುಳಿತರೆ ಬೆಳಗಿನಿಂದ ನೀವು ಶೆಡ್ಡಿನಲ್ಲಿದ್ದೀರಿ, ನಿಮ್ಮ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ, ಮುಂದಿನ ಕೋಣೆಯಲ್ಲಿ ಅವರು ಮೊಬೈಲ್ ಹಿಡಿದು ಒಬ್ಬರೇ ಇದ್ದಾರೆ. ಗಾಡಿಯಲ್ಲಾದರೆ ಹೆಂಡತಿ ಪಕ್ಕದ ಸೀಟಿನಲ್ಲಿರುತ್ತಾಳೆ. ಅವರು ಬಯಸುತ್ತಿರುವುದು ರಸ್ತೆಯನ್ನೋ ನಿಮ್ಮನ್ನೋ ಎಂಬುದು ಅವರಿಗೇ ಸ್ಪಷ್ಟವಾಗಿರಲಿಕ್ಕಿಲ್ಲ ಎಂದು ನನ್ನ ಊಹೆ. ಕೇಳಿ ನೋಡಿ. ವಿಡಿಯೊ ನಡೆಯುತ್ತಿರುವಾಗ ಬೇಡ, ಊಟ ಬಡಿಸುತ್ತ ನಿಂತು ಕೇಳುವುದೂ ಬೇಡ. ಸಂಜೆ ಅಪ್ಪನ ಕೆರೆಯ ಕಡೆ ಇಬ್ಬರೇ ಹೋಗಿ ಕುಳಿತು, ‘ಈ ಮನೆಯಲ್ಲಿ ನಿಮಗೆ ಏನು ಕಡಿಮೆಯಾಗಿದೆ’ ಎಂದು ಕೇಳಿ ಸುಮ್ಮನಾಗಿ. ಉತ್ತರ ತಡವಾದರೆ ನೀವೇ ತುಂಬಿಕೊಡಬೇಡಿ.

ಇನ್ನು ಮನೆಯ ವಿಚಾರ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಗಾಡಿ ಕೊಂಡರೂ ಮನೆ ಮಾರಬಾರದು. ಅವರು ನೋಡುವ ಅಮೆರಿಕದ ದಂಪತಿಗಳ ಬಗ್ಗೆಯೇ ಹೇಳುತ್ತೇನೆ. ವರ್ಷವಿಡೀ ಗಾಡಿಯಲ್ಲಿರುವ ಅಲ್ಲಿನವರೂ ವಿಳಾಸವಿಲ್ಲದೆ ಬದುಕುವುದಿಲ್ಲ. ಲೈಸೆನ್ಸು, ವಿಮೆ, ತೆರಿಗೆ, ಮತದಾನಕ್ಕೆ ಒಂದು ವಿಳಾಸ ಬೇಕೆಂದು ಬಹಳ ಮಂದಿ ಸೌತ್ ಡಕೋಟ, ಟೆಕ್ಸಾಸ್, ಫ್ಲೋರಿಡಾ ರಾಜ್ಯಗಳಲ್ಲಿ ಅದನ್ನು ಮಾಡಿಕೊಳ್ಳುತ್ತಾರೆ. ಅವರ ಅಂಚೆಯನ್ನು ಸ್ವೀಕರಿಸಿ ಅವರಿರುವಲ್ಲಿಗೆ ಕಳುಹಿಸುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳಿವೆ. ನೀರು, ಕರೆಂಟು, ಕೊಳಚೆಯ ಕೊಳವೆ ಮೂರನ್ನೂ ಗಾಡಿಗೆ ಜೋಡಿಸಿಕೊಡುವ ಪಾರ್ಕುಗಳು ಅಲ್ಲಿ ಊರೂರಿಗೆ ಇವೆ. ವಿಡಿಯೊದಲ್ಲಿ ಸೂರ್ಯಾಸ್ತ ಕಾಣುತ್ತದೆ, ಈ ಏರ್ಪಾಡುಗಳು ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ವಿಳಾಸದ ಬೆಲೆ ಏನೆಂದು ತಾಂಡಾದವರನ್ನು ಕೇಳಬೇಕು. ತಲೆಮಾರುಗಳಿಂದ ನೆಲೆಸಿದ್ದ ಜಾಗಕ್ಕೆ ಕಾಗದವಿಲ್ಲದ ಲಂಬಾಣಿ ಕುಟುಂಬಗಳಿಗೆ 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಕೊಟ್ಟರು. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಸೇರಿ 50,000ಕ್ಕೂ ಹೆಚ್ಚು ಕುಟುಂಬಗಳು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ವರ್ಷಕ್ಕೆ ಎಷ್ಟೋ ತಿಂಗಳು ಊರು ಬಿಟ್ಟಿರುವ ಜನಕ್ಕೂ ತಿರುಗಿ ಬರುವ ಜಾಗದ ಕಾಗದ ಬೇಕು. ನಿಮ್ಮಲ್ಲಿ ಇರುವುದನ್ನು ಕಳೆದುಕೊಳ್ಳುವ ಅವಸರವೇನು? ಹೆಚ್ಚು ದಿನ ಹೊರಗಿರುವಂತಾದರೆ ಮುಂಭಾಗವನ್ನು ಬಾಡಿಗೆಗೆ ಕೊಟ್ಟು ಒಂದು ಕೋಣೆ ಮತ್ತು ಶೆಡ್ಡನ್ನು ಇಟ್ಟುಕೊಳ್ಳಬಹುದು. ಬಡ್ಡಿಯ ಬದಲು ಬಾಡಿಗೆ ಬರುತ್ತದೆ, ಮನೆಯೂ ಉಳಿಯುತ್ತದೆ.

ಇನ್ನೊಂದು ಮಾತು ತಿಳಿದಿರಲಿ. ಮನೆ ಅವರೊಬ್ಬರ ಹೆಸರಿನಲ್ಲಿದ್ದು ಅವರ ಸ್ವಯಾರ್ಜಿತವಾಗಿದ್ದರೆ ಮಾರಲು ಕಾನೂನಿನ ಪ್ರಕಾರ ನಿಮ್ಮ ಸಹಿ ಬೇಕಾಗದೆ ಇರಬಹುದು. ನಿಮ್ಮ ದುಡ್ಡು, ತವರಿನ ಬಂಗಾರ ಅದರಲ್ಲಿ ಸೇರಿದ್ದರೆ ಕಾಗದ ತೆಗೆದು ನೋಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಸಲಹೆ ಸಿಗುತ್ತದೆ, 1987ರ ಕಾಯ್ದೆಯೇ ಕೊಟ್ಟ ಹಕ್ಕು ಅದು. ಜಗಳಕ್ಕಾಗಿ ಹೋಗಿ ಎನ್ನುತ್ತಿಲ್ಲ. ನಿಮ್ಮ ಸ್ಥಿತಿ ನಿಮಗೆ ಗೊತ್ತಿದ್ದರೆ ಅಪ್ಪನ ಕೆರೆಯ ದಂಡೆಯ ಮಾತು ಭಯವಿಲ್ಲದೆ ನಡೆಯುತ್ತದೆ.

ಗ್ಯಾರೇಜಿನವರ ಮಾತಿಗೆ ಮುಂಗಡ ಕೊಡುವ ಮೊದಲು ಯಜಮಾನರು ಆರ್‌ಟಿಒ ಕಚೇರಿಗೆ ಹೋಗಿ ಕೇಳಲಿ. ತಯಾರಕರು ಕೊಟ್ಟ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಚಿತವಾಗಿ ಹೇಳಿದೆ. ವಾಸದ ಗಾಡಿಗೆ ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡವಿದೆ. ಆ ಪ್ರಕಾರ ಅನುಮೋದನೆ ಪಡೆದವರು ಕಟ್ಟಿಕೊಟ್ಟು, ಆರ್‌ಸಿ (ನೋಂದಣಿ) ಪುಸ್ತಕದಲ್ಲಿ ಮೋಟಾರ್ ಕ್ಯಾರವಾನ್ ಎಂದು ದಾಖಲಾದರೆ ಚಿಂತೆಯಿಲ್ಲ. ಪ್ರಯಾಣಿಕರ ಗಾಡಿಯ ಸೀಟು ಕಿತ್ತು ಹಾಸಿಗೆ ಹೊಡೆದು, ಆರ್‌ಸಿಯಲ್ಲಿ ಹಳೆಯದೇ ಉಳಿದರೆ ಅಪಘಾತವಾದ ದಿನ ವಿಮೆಯವರು ಅದನ್ನೇ ಎತ್ತಿ ತೋರಿಸಬಹುದು. ಬ್ಯಾಂಕಿನಲ್ಲಿದ್ದವರಿಗೆ ಈ ಮಾತು ಬೇಗ ತಿಳಿಯುತ್ತದೆ.

ಬಿಸಿಲಿನ ಲೆಕ್ಕವನ್ನು ಮಾತ್ರ ಇಬ್ಬರೂ ಕುಳಿತು ಹಾಕಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಹೊಸದಲ್ಲ. ಪತ್ರಾಸಿನ ಕೆಳಗೆ ಒಲೆ ಹಚ್ಚಿ ನಿಂತ ನಿಮಗೆ ತಗಡಿನ ಕಾವು ಏನೆಂದು ನಾನು ಹೇಳಬೇಕಾಗಿಲ್ಲ. ಶಹಾಬಾದ್ ಕಲ್ಲಿನ ನೆಲ ಕೊಡುವ ತಂಪನ್ನು ಗಾಡಿಯ ನೆಲ ಕೊಡುವುದಿಲ್ಲ. ಏಸಿ ಹಾಕಿಸೋಣ ಎನ್ನುತ್ತಾರೆ. ಒಂದು ಟನ್ನಿನ ಏಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ, ಅಂದರೆ ರಾತ್ರಿಯ ಎಂಟು ತಾಸಿನ ನಿದ್ದೆಗೆ ಆರರಿಂದ ಎಂಟು ಯೂನಿಟ್. 12 ವೋಲ್ಟಿನ 200 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ತುಂಬಿ ತುಳುಕಿದರೂ ಇರುವುದು 2.4 ಯೂನಿಟ್. ಮಾಡಿನ ಮೇಲೆ 400 ವಾಟಿನ ಸೌರಫಲಕ ಹಾಕಿದರೆ ದಿನಕ್ಕೆ ಎರಡು ಯೂನಿಟ್ ಆಸುಪಾಸು ಬರುತ್ತದೆ. ಫ್ಯಾನು, ದೀಪ, ಸಣ್ಣ ಫ್ರಿಜ್ಜಿಗೆ ಅದು ಧಾರಾಳ. ಬೇಸಿಗೆಯ ರಾತ್ರಿ ನಿದ್ದೆಗೆ ಸಾಲದು. ಅಮೆರಿಕದಲ್ಲಿ ಇಂಥವರು ಹವಾಮಾನ ನೋಡಿಕೊಂಡು ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತಾರೆ, ಚಳಿಗಾಲಕ್ಕೆ ಆರಿಜೋನಾದ ಮರುಭೂಮಿ ತುಂಬುತ್ತದೆ. ನೀವು ಮೇ ತಿಂಗಳಲ್ಲಿ ಎಲ್ಲಿಗೆ ಸರಿಯುತ್ತೀರಿ ಎಂದು ಅವರು ನಕ್ಷೆಯ ಮೇಲೆ ತೋರಿಸಲಿ.

ಪಾಯಿಖಾನೆಯ ವಿಚಾರವನ್ನೂ ನಾಚದೆ ಮಾತಾಡಿ. ಗಾಡಿಯೊಳಗಿನ ಡಬ್ಬಿ ಕೆಲವೇ ದಿನಗಳಲ್ಲಿ ತುಂಬುತ್ತದೆ. ಅದನ್ನು ಯಾರು ಹೊರುತ್ತಾರೆ, ಎಲ್ಲಿ ಖಾಲಿ ಮಾಡುತ್ತಾರೆ? ಹೊಲದ ಬದುವಿಗೋ ಹಳ್ಳಕ್ಕೋ ಸುರಿಯುವುದಂತೂ ಬೇಡವೇ ಬೇಡ. ನೀರು ನೂರು ಲೀಟರ್ ತುಂಬಿದರೆ ನೂರು ಕಿಲೋ ಭಾರ, ತುಂಬಿಸಿಕೊಳ್ಳಲು ದಿನ ಬಿಟ್ಟು ದಿನ ಯಾರದೋ ನಲ್ಲಿ ಕೇಳಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿಗೆ ತಳದಲ್ಲಿ ಹೊರಕ್ಕೆ ಕಿಂಡಿ ಇರಲೇಬೇಕು. ಕಿಟಕಿ ಮುಚ್ಚಿ ಒಲೆ ಹಚ್ಚುವುದು, ಒಲೆ ಉರಿಸಿಕೊಂಡು ಮಲಗುವುದು ಪ್ರಾಣಕ್ಕೇ ಅಪಾಯ.

ನಿಮಗೆ ಗಾಡಿ ಓಡಿಸಲು ಬರುತ್ತದೆಯೇ ಎಂದು ನೀವು ಬರೆದಿಲ್ಲ. ಬಾರದಿದ್ದರೆ ಈ ವರ್ಷವೇ ಕಲಿಯಿರಿ. ಚಿಂಚೋಳಿ ಕಾಡಿನ ದಾರಿಯಲ್ಲಿ ರಾತ್ರಿ ಅವರಿಗೆ ಎದೆನೋವು ಬಂದರೆ ಸ್ಟೇರಿಂಗ್ ಹಿಡಿಯುವವರು ಬೇರೆ ಯಾರೂ ಇಲ್ಲ. ಓಡಿಸಲು ಬಂದರೆ ನೀವು ಹೊರಟ ಪ್ರಯಾಣ ನಿಮ್ಮದೂ ಆಗುತ್ತದೆ.

ಹಾಗಾದರೆ ಹೋಗಲೇಬಾರದೇ? ಹೋಗಿ, ಖಂಡಿತ ಹೋಗಿ. ಪೂರ್ಣಾವಧಿಗೆ ಬೇಡ ಎಂದಷ್ಟೇ ನನ್ನ ಮಾತು. ನಿಮ್ಮ ಕೆಲಸಕ್ಕೂ ಹವೆಗೂ ಹೊಂದುವ ಕಾಲವೆಂದರೆ ದೀಪಾವಳಿ ಮುಗಿದ ಮೇಲಿಂದ ಎಳ್ಳ ಅಮಾವಾಸ್ಯೆಯ ಆರ್ಡರು ಶುರುವಾಗುವವರೆಗಿನ ಅವಧಿ. ಮಳೆ ನಿಂತಿರುತ್ತದೆ, ಸೆಕೆ ಇರುವುದಿಲ್ಲ, ಹೊಲದಲ್ಲಿ ತೊಗರಿ ಹೂ ಕಾಯಿಯಾಗಿ ನಿಂತಿರುತ್ತದೆ. ಈ ವರ್ಷ ಆ ದಿನಗಳಲ್ಲಿ ದೊಡ್ಡ ನಗರದಿಂದ ಕ್ಯಾರವಾನ್ ಒಂದನ್ನು ಬಾಡಿಗೆಗೆ ತನ್ನಿ. ದೂರದ ಊರು ಬೇಡ. ಹುಮನಾಬಾದ್ ಮೇಲೆ ಬೀದರಿಗೆ ನೂರು ಕಿಲೋಮೀಟರಿಗೆ ತುಸು ಹೆಚ್ಚು ದಾರಿ. ಕೋಟೆ, ಗುರುನಾನಕ್ ಝೀರಾ, ಹಿಂದಿರುಗುವಾಗ ಬಸವಕಲ್ಯಾಣ. ಬಳಿಕ ಗಾಣಗಾಪುರದ ಸಂಗಮ, ಸನ್ನತಿ, ಅಲ್ಲಿಂದ ಸುರಪುರದ ಕಡೆ ಬೋನಾಳ ಕೆರೆಯ ಹಕ್ಕಿಗಳು. ಗಾಡಿಯನ್ನು ಎರೆ (ಕಪ್ಪು ಮಣ್ಣಿನ) ಹೊಲದಂಚಿಗೆ ಇಳಿಸಬೇಡಿ. ಒಂದು ಮಳೆ ಬಿದ್ದರೆ ಗಾಲಿ ಹೂತುಕೊಳ್ಳುತ್ತದೆ, ಗರಸಿನ (ಜಲ್ಲಿಯಂಥ ಗಟ್ಟಿ) ನೆಲದಲ್ಲೇ ನಿಲ್ಲಿಸಿ. ಅಡುಗೆ, ಪಾತ್ರೆ, ಡಬ್ಬಿ ಖಾಲಿ ಮಾಡುವುದು ದಿನಕ್ಕೊಬ್ಬರ ಪಾಳಿ ಎಂದು ಹೊರಡುವ ಮೊದಲೇ ಒಪ್ಪಂದವಾಗಲಿ. ಇಲ್ಲದಿದ್ದರೆ ನಿಮಗೆ ಅದು ಇನ್ನೂ ಸಣ್ಣ ಅಡುಗೆಮನೆಯಾಗುತ್ತದೆ.

ಆಮೇಲೆ ಮೇ ತಿಂಗಳಲ್ಲಿ ಯಜಮಾನರು ಮೂರು ರಾತ್ರಿ ಅದೇ ಬಗೆಯ ಗಾಡಿಯಲ್ಲಿ ಮಲಗಿ ನೋಡಲಿ. ನೀವು ಹೋಗಲೇಬೇಕೆಂದಿಲ್ಲ. ಎರಡು ವರ್ಷ ಹೀಗೆ ಮಾಡಿದ ಮೇಲೂ ಇಬ್ಬರಿಗೂ ಬೇಕೆನಿಸಿದರೆ ಗಾಡಿ ಕೊಳ್ಳಿ. ಅವರೊಬ್ಬರಿಗೇ ಬೇಕೆನಿಸಿದರೆ ಗೆಳೆಯರನ್ನು ಕರೆದುಕೊಂಡು ಅವರು ತಿಂಗಳುಗಟ್ಟಲೆ ತಿರುಗಿ ಬರಲಿ. ಅದು ಮುನಿಸಲ್ಲ, ಬೇರೆಯಾಗುವುದೂ ಅಲ್ಲ. ನೀವಿಬ್ಬರೂ ದೂರವಿದ್ದೇ ಸಂಸಾರ ನಡೆಸಿ ಬಲ್ಲವರು.

ಮನೆಯಲ್ಲಿರುವ ದಿನಗಳಲ್ಲಿ ಅವರಿಗೆ ಒಂದು ಜಾಗ ಮಾಡಿಕೊಡಿ. ಖಾನಾವಳಿಗಳ ಬಾಕಿ ವಸೂಲಿ, ಬಿಲ್ಲು, ಜೋಳದ ಖರೀದಿ ಇಂಥವನ್ನು ಅವರು ನೋಡಿಕೊಳ್ಳಲಿ. ‘ಸಹಾಯ ಮಾಡಿ’ ಎನ್ನದೆ ಕೆಲಸವನ್ನೇ ಒಪ್ಪಿಸಿ, ಆದರೆ ಹಣದ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ದೀಪಾವಳಿಯ ನಂತರ ನೀವು ಹೊರಡುವಾಗ ಶೆಡ್ಡನ್ನು ಮುಚ್ಚಬೇಡಿ. ಇಬ್ಬರಲ್ಲಿ ಹಿರಿಯ ಹೆಣ್ಣುಮಗಳಿಗೆ ಬೀಗದ ಕೈ, ಲೆಕ್ಕದ ಪುಸ್ತಕ, ಖಾನಾವಳಿಯವರ ಫೋನ್ ನಂಬರುಗಳನ್ನು ಕೊಟ್ಟು, ಆ ದಿನಗಳ ಲಾಭದಲ್ಲಿ ಅವರಿಬ್ಬರಿಗೂ ಪಾಲು ಎಂದು ಈಗಲೇ ಹೇಳಿ. ಆಕೆಗೆ ಲೆಕ್ಕ ಬರೆಯಲು ಬಾರದಿದ್ದರೆ ಕಲಿಸುವುದಕ್ಕೆ ನಿಮ್ಮ ಯಜಮಾನರಿಗಿಂತ ತಕ್ಕವರು ಯಾರು? ನಾಳೆಯಿಂದಲೇ ಶುರುಮಾಡಲಿ.