ಸಾಮಿಲ್‌ನಲ್ಲಿ ಮರ ಕೊಯ್ಯಲು ಗಣಿತ ಯಾಕೆ ಬೇಕು?

ಅಳತೆಪಟ್ಟಿ ಸಾಕಲ್ವಾ ಎಂದು ಕೇಳಿದ್ದೀರಿ. ಒಂದು ಲೆಕ್ಕ ನೋಡಿ. 12 ಅಡಿಗಿಂತ ಒಂದಿಂಚು ಜಾಸ್ತಿ ಇರುವ ಹಲಗೆಗಳಿವೆ. ಗಿರಾಕಿಗೆ 5 ಅಡಿಯ 10 ತುಂಡು, ಮೂರೂವರೆ ಅಡಿಯ 20 ತುಂಡು ಬೇಕು. ಎರಡನ್ನೂ ಬೇರೆ ಬೇರೆ ಕೊಯ್ದರೆ 5 ಮತ್ತು 7, ಒಟ್ಟು 12 ಹಲಗೆ ಹಿಡಿಯುತ್ತದೆ. ಪ್ರತಿ ಹಲಗೆಯಲ್ಲೂ ಒಂದು ಐದಡಿ, ಎರಡು ಮೂರೂವರೆ ಅಡಿ ತೆಗೆದರೆ 10 ಸಾಕು. ಉಳಿದ ಇಂಚು ಗರಗಸದ ಬಾಯಿಗೆ!

ಇಷ್ಟಕ್ಕೆ ಕಣ್ಣಂದಾಜು ನಡೆದೀತು. ಅಳತೆಗಳು ಹದಿನೈದಾದರೆ, ಒಂದು ಹಲಗೆಯಲ್ಲಿ ಯಾವ ತುಂಡು ಎಷ್ಟು ಎಂಬ ಜೋಡಣೆಗಳು ಸಾವಿರಗಟ್ಟಲೆ. 1961ರಲ್ಲಿ ಗಿಲ್ಮೋರ್ ಮತ್ತು ಗೊಮೊರಿ ಎಂಬ ಗಣಿತಜ್ಞರು, ಎಲ್ಲವನ್ನೂ ಪಟ್ಟಿ ಮಾಡದೆ ಉಳಿತಾಯ ತರುವ ಜೋಡಣೆಯನ್ನು ಮಾತ್ರ ಹುಡುಕಿ ಸೇರಿಸುತ್ತಾ ಹೋಗುವ ದಾರಿ ತೋರಿಸಿದರು.

ದುಂಡು ದಿಮ್ಮಿಯ ಕಥೆಯೇ ಬೇರೆ. ಅದು ಡೊಂಕು, ಒಂದು ತುದಿ ಸಣ್ಣ. ದೊಡ್ಡ ಮಿಲ್‌ಗಳಲ್ಲಿ ಲೇಸರ್‌ನಿಂದ ಆಕಾರ ಅಳೆದು, ದಿಮ್ಮಿಯನ್ನು ಎಷ್ಟು ತಿರುಗಿಸಿ ಕೊಯ್ದರೆ ಜಾಸ್ತಿ ಬೆಲೆಯ ಹಲಗೆ ಸಿಗುತ್ತದೆ ಎಂದು ಕಂಪ್ಯೂಟರೇ ಹೇಳುತ್ತದೆ.