ನಾಯಿಗೆ ಆಟಿಕೆ ಯಾವುದು ಎಂದು ಕೇಳುವ ಮೊದಲು

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಕಟಪಾಡಿಯವಳು, ನಿವೃತ್ತ ಶಿಕ್ಷಕಿ. ನಮ್ಮಲ್ಲೊಂದು ಲ್ಯಾಬ್ರಡಾರ್ ಉಂಟು. ದುಬೈಯಲ್ಲಿರುವ ಮಗ ಊರಿಗೆ ಬರುವಾಗಲೆಲ್ಲ ಅದಕ್ಕೆ ಪೀಪಿ ಹಾಕಿದ ಬೊಂಬೆ, ಚರ್ಮದ ಎಲುಬು, ಬಿಸ್ಕತ್ತು ತರುತ್ತಾನೆ. ಎರಡು ದಿನ ಮೂಸಿ ಬಿಟ್ಟುಬಿಡುತ್ತದೆ. ಹಗಲಿಡೀ ಗೂಡಿನಲ್ಲಿ ಸುಮ್ಮನೆ ಮಲಗುವ ನಾಯಿ, ರಾತ್ರಿ ಬಿಟ್ಟ ಕೂಡಲೇ ಚಪ್ಪಲಿ, ಕಾಲೊರಸು, ಹೂಕುಂಡ ಯಾವುದನ್ನೂ ಉಳಿಸುವುದಿಲ್ಲ. ಇದಕ್ಕೆ ಯಾವ ಆಟಿಕೆ, ಯಾವ ತಿಂಡಿ ಒಳ್ಳೆಯದು? ಮನೆಯಲ್ಲಿ ಒಂದು ಬೆಕ್ಕೂ ಇದೆ. ಅದರ ಬಗ್ಗೆಯೂ ತಿಳಿಸಿ.

ಸಂಪಾದಕರ ಉತ್ತರ: ಟೀಚರೇ, ನೀವು ಪ್ರಶ್ನೆ ಕೇಳುವ ಮೊದಲು ಕಣ್ಣಾರೆ ಕಂಡದ್ದನ್ನು ಬರೆದಿದ್ದೀರಿ. ನಮಗೆ ಬರುವ ಪತ್ರಗಳಲ್ಲಿ ಇದು ಅಪರೂಪ. ಆದರೆ ಉತ್ತರಪತ್ರಿಕೆ ತಿದ್ದುವಾಗ ನೀವು ಮಾಡುತ್ತಿದ್ದ ಹಾಗೆ ನಾನೂ ಒಂದು ಕಡೆ ಕೆಂಪು ಗೆರೆ ಎಳೆಯಬೇಕಾಗಿದೆ: 'ಹಗಲಿಡೀ ಗೂಡಿನಲ್ಲಿ'. ನೀವು ಅದನ್ನು ಬರೆದು ಮುಂದೆ ಹೋದಿರಿ. ನನಗೆ ಮುಂದೆ ಹೋಗಲಾಗಲಿಲ್ಲ.

ಮೊದಲು ಅಂಗಡಿಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಒಳ್ಳೆಯ ಆಟಿಕೆಗಳು ಇವೆ. ಅಮೆರಿಕದ ಕೊಲೊರಾಡೊದಲ್ಲಿ 1970ರ ದಶಕದಲ್ಲಿ ಜೋ ಮಾರ್ಕಮ್ ಎಂಬವರಿದ್ದರು. ಅವರ ಜರ್ಮನ್ ಶೆಫರ್ಡ್ ನಾಯಿಗೆ ಕಲ್ಲು ಕಚ್ಚುವ ಚಟ, ಹಲ್ಲು ಸವೆಯುತ್ತಿತ್ತು. ಅವರು ಫೋಕ್ಸ್‌ವ್ಯಾಗನ್ ಗಾಡಿ ರಿಪೇರಿ ಮಾಡುತ್ತಿದ್ದಾಗ ನಾಯಿ ಅದರ ಸಸ್ಪೆನ್ಶನ್ನಿನ ರಬ್ಬರ್ ತುಂಡೊಂದನ್ನು ಕಚ್ಚಿಕೊಂಡು ಹೋಗಿ ಕಲ್ಲನ್ನೇ ಮರೆಯಿತು. ಅದರಿಂದ ಹುಟ್ಟಿದ್ದು ಇವತ್ತು ಮಂಗಳೂರಿನ ಅಂಗಡಿಯಲ್ಲೂ ಸಿಗುವ ಕಾಂಗ್ ಎಂಬ ಟೊಳ್ಳು ರಬ್ಬರ್ ಆಟಿಕೆ. ಕಚ್ಚಿದರೆ ಬಗ್ಗುತ್ತದೆ, ಎಸೆದರೆ ಎತ್ತೆತ್ತಲೋ ಪುಟಿಯುತ್ತದೆ, ಹೊಟ್ಟೆಯೊಳಗೆ ತಿಂಡಿ ತುಂಬಬಹುದು. ಕೊಳ್ಳುವುದಾದರೆ ಅಂಥದ್ದನ್ನು ಕೊಳ್ಳಿ.

ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಒಂಚೂರೂ ತಗ್ಗದಿದ್ದರೆ ಅದು ಹಲ್ಲಿಗೆ ಅಪಾಯವಾಗುವಷ್ಟು ಗಟ್ಟಿ ಎಂದು ತಿಳಿಯಿರಿ. ಜಿಂಕೆಕೊಂಬು, ಗೊರಸು, ದೊಡ್ಡ ಎಲುಬು ಕಚ್ಚಿದ ನಾಯಿಗಳ ಮೇಲ್ದವಡೆಯ ದೊಡ್ಡ ಹಲ್ಲು ಸೀಳಿಹೋಗುವುದನ್ನು ಪಶುವೈದ್ಯರು ಕಾಣುತ್ತಲೇ ಇರುತ್ತಾರೆ. ನಮ್ಮ ಅಂಗಳದ ಗೆರಟೆಯೂ ಇದೇ ಸಾಲಿಗೆ ಸೇರಿದ್ದು. ತೆಂಗಿನ ಸಿಪ್ಪೆಯನ್ನು ಎದುರು ಕೂತು ಸ್ವಲ್ಪ ಹೊತ್ತು ಜಗ್ಗಾಡಿಸಬಹುದು, ಆದರೆ ನಾರು ನುಂಗುವ ನಾಯಿಗೆ ಅದೂ ಬೇಡ. ಚೆಂಡು ಬಾಯಿಯ ಹಿಂಭಾಗಕ್ಕೆ ಜಾರಿ ಸಿಕ್ಕಿಕೊಳ್ಳದಷ್ಟು ದೊಡ್ಡದಿರಲಿ. ಪೀಪಿಯ ಬೊಂಬೆಯನ್ನು ನೀವು ಎದುರಿಗಿಲ್ಲದಾಗ ಕೊಡಬೇಡಿ. ಹರಿದು ಪೀಪಿಯನ್ನೇ ನುಂಗಿದರೆ ಹೊಟ್ಟೆ ಕೊಯ್ದು ತೆಗೆಯಬೇಕಾದೀತು. ಚರ್ಮದ ಎಲುಬನ್ನಂತೂ ಇವತ್ತೇ ಎಸೆಯಿರಿ. ಅದು ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲು. ಹೊಟ್ಟೆಯಲ್ಲಿ ಸುಲಭವಾಗಿ ಕರಗುವುದಿಲ್ಲ, ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಆಟಿಕೆಗಳ ಗುಣಮಟ್ಟಕ್ಕೆ 2020ರಲ್ಲಿ ಆದೇಶ ಬಂತು, 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ಅದು 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಮಾತ್ರ. ನಾಯಿಯ ಬೊಂಬೆ ಆ ಆದೇಶದೊಳಗೆ ಬರುವುದಿಲ್ಲ. ಅದರ ಬಣ್ಣ, ವಾಸನೆ, ಹೊಲಿಗೆ ಎಲ್ಲವನ್ನೂ ನೀವೇ ನೋಡಿ ತೀರ್ಮಾನಿಸಬೇಕು.

ಅಂಗಡಿಯ ಪಾಲು ಇಲ್ಲಿಗೆ ಮುಗಿಯಿತು.

ಮಗ ತಂದ ಬೊಂಬೆಯನ್ನು ನಾಯಿ ಎರಡೇ ದಿನಕ್ಕೆ ಬಿಟ್ಟದ್ದು ನಿಮಗೆ ಬೇಸರ ತಂದಿದೆ. ಅದರಲ್ಲಿ ನಾಯಿಯ ತಪ್ಪೂ ಇಲ್ಲ, ಮಗನ ತಪ್ಪೂ ಇಲ್ಲ. ಇಂಗ್ಲೆಂಡಿನಲ್ಲಿ ಆನ್ ಪುಲ್ಲೆನ್, ರಾಲ್ಫ್ ಮೆರಿಲ್, ಜಾನ್ ಬ್ರಾಡ್‌ಶಾ ಎಂಬ ಮೂವರು ನಿಮ್ಮ ಲ್ಯಾಬ್ರಡಾರ್ ಜಾತಿಯ ನಾಯಿಗಳ ಮೇಲೆಯೇ ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಒಂದೇ ಆಟಿಕೆಯನ್ನು ಅರ್ಧರ್ಧ ನಿಮಿಷ ಮತ್ತೆ ಮತ್ತೆ ಕೊಟ್ಟರೆ ನಾಯಿ ಬೇಗನೆ ಬೇಸತ್ತು ಬಿಡುತ್ತದೆ. ಬೇರೆಯದು ಎದುರಿಗೆ ಬಂದರೆ ಮತ್ತೆ ಉತ್ಸಾಹ. ಹೊಸತನದ ಆಸೆ ಬಲವಾದದ್ದು, ಆದರೆ ಅಲ್ಪಾಯುಷಿ. ಆದ್ದರಿಂದ ಇರುವ ಆಟಿಕೆಗಳನ್ನೆಲ್ಲ ಒಟ್ಟಿಗೆ ಹರವಬೇಡಿ. ಎರಡನ್ನು ಹೊರಗಿಟ್ಟು ಉಳಿದವನ್ನು ಕಪಾಟಿನಲ್ಲಿಡಿ, ವಾರಕ್ಕೊಮ್ಮೆ ಬದಲಿಸಿ.

ಇಷ್ಟು ಮಾಡಿದರೂ ಗೂಡು ಗೂಡೇ.

ನಮ್ಮ ಕರಾವಳಿಯಲ್ಲಿ ಹೊಸ ಮನೆ ಕಟ್ಟುವವರು ಬಾವಿಗೆ, ಗೇಟಿಗೆ, ಕಾರಿಗೆ ಜಾಗ ಗುರುತಿಸುವಾಗಲೇ ನಾಯಿಗೂಡಿಗೂ ಒಂದು ಮೂಲೆ ಗುರುತಿಸುತ್ತಾರೆ. ಹೆಚ್ಚಾಗಿ ಗೇಟಿನ ಬದಿ, ಸಂಜೆಯ ಬಿಸಿಲು ನೇರ ಹೊಡೆಯುವ ಕಡೆ. ಕಬ್ಬಿಣದ ಸರಳು, ಮೇಲೆ ಶೀಟು. ಎಪ್ರಿಲ್, ಮೇ ತಿಂಗಳಲ್ಲಿ ಆ ಶೀಟಿನ ಅಡಿಯಲ್ಲಿ ಒಂದು ಗಂಟೆ ನಾವು ಕೂರಲಾರೆವು. ಅಲ್ಲಿ ದಪ್ಪ ಕೂದಲಿನ ಜಾತಿನಾಯಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇರುತ್ತದೆ. ಅದೇ ಮೂಲೆಯಲ್ಲಿ ಊಟ, ಅದೇ ಮೂಲೆಯಲ್ಲಿ ಮೂತ್ರ. ರಾತ್ರಿ ಬಾಗಿಲು ತೆಗೆದಾಗ ಅದು ಚಪ್ಪಲಿ ಹರಿಯುತ್ತದೆ, ಕುಂಡ ಉರುಳಿಸುತ್ತದೆ. ಹಗಲೆಲ್ಲ ಕೂಡಿಟ್ಟ ಚೈತನ್ಯ ಇನ್ನೆಲ್ಲಿಗೆ ಹೋಗಬೇಕು? ನೀವು ಅದನ್ನು ಹಟ ಎಂದು ಭಾವಿಸಿದ್ದೀರೋ ಏನೋ. ನನಗೆ ಅದು ಸೆರೆಯಿಂದ ಬಿಡುಗಡೆಯಾದ ಜೀವದ ಆತುರವಾಗಿಯೇ ಕಾಣುತ್ತದೆ.

ಮಂಗಳೂರಿನ ಬಿಜೈಯಲ್ಲಿ ನಮ್ಮ ಪರಿಚಯದ ಮನೆಯೊಂದರ ನಾಯಿ ಹಗಲಿಡೀ ಬೊಗಳುತ್ತಿತ್ತು. ಅಕ್ಕಪಕ್ಕದವರು ದೂರಿದರು. ಮನೆಯವರು ಆಟಿಕೆ ತಂದರು, ಬೊಗಳಿದರೆ ಕಂಪಿಸುವ ಪಟ್ಟಿಯನ್ನೂ ಕುತ್ತಿಗೆಗೆ ಕಟ್ಟಿದರು. ಏನೂ ಆಗಲಿಲ್ಲ. ಕೊನೆಗೆ ಪಕ್ಕದ ಮನೆಯ ಕಾಲೇಜು ಹುಡುಗಿ ದಿನಾ ಬೆಳಿಗ್ಗೆ ಅದನ್ನು ಕದ್ರಿ ಗುಡ್ಡೆಯ ಕಡೆ ನಡೆಸಿಕೊಂಡು ಹೋಗತೊಡಗಿದಳು. ಹೋಗಿ ಬಂದ ನಾಯಿ ನೀರು ಕುಡಿದು ಮಧ್ಯಾಹ್ನದವರೆಗೆ ನಿದ್ದೆ. ಪಟ್ಟಿಯನ್ನು ಅವರು ಕಸಕ್ಕೆ ಹಾಕಿದರು.

ಇದು ಬರೀ ನನ್ನ ಮನಸ್ಸಿನ ಮಾತಲ್ಲ, ಕಾನೂನಿನಲ್ಲೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಓದಿ. ಯಾವಾಗಲೂ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಸಾಕಷ್ಟು ಓಡಾಟ, ವ್ಯಾಯಾಮ ಕೊಡದಿರುವುದೇ ಹಿಂಸೆ ಎಂದು ಅದರಲ್ಲಿ ಬರೆದಿದೆ. ಇಷ್ಟು ಸ್ಪಷ್ಟವಾದ ಕಾನೂನು ನಮ್ಮ ಎಷ್ಟು ಓದಿದ ಮನೆಗಳಿಗೆ ಗೊತ್ತು? ದಂಡವಾದರೂ ಎಷ್ಟು? ಮೊದಲ ಸಲದ ತಪ್ಪಿಗೆ 10ರಿಂದ 50 ರೂಪಾಯಿ. ಬೆಲೆಗಳೆಲ್ಲ ಎಲ್ಲಿಗೋ ಹೋದವು, ನಾಯಿಯ ನೋವಿನ ಬೆಲೆ ಅಲ್ಲೇ ನಿಂತಿದೆ. ಇದು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ.

ನಾಯಿಗೆ ಲೋಕ ತೆರೆಯುವುದು ಮೂಗಿನಿಂದ. 2019ರಲ್ಲಿ ಷಾರ್ಲಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ನಾಯಿಗಳಿಗೆ ಎರಡು ವಾರ ದಿನಾ ಅಡಗಿಸಿಟ್ಟ ತಿಂಡಿಯನ್ನು ಮೂಸಿ ಹುಡುಕುವ ಕೆಲಸ ಕೊಟ್ಟರು, ಉಳಿದವಕ್ಕೆ ಒಡೆಯನ ಕಾಲಬದಿಯಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ. ಆಮೇಲೆ, ತಿಂಡಿ ಇದೆಯೋ ಇಲ್ಲವೋ ಎಂದು ಖಚಿತವಿಲ್ಲದ ಬಟ್ಟಲಿನ ಕಡೆಗೆ ಬಿಟ್ಟಾಗ, ಮೂಸಿ ಕಲಿತ ನಾಯಿಗಳು ಮೊದಲಿಗಿಂತ ಬೇಗ ಓಡಿದವು. ಒಳ್ಳೆಯದಾದೀತು ಎಂಬ ಭರವಸೆ ಅವುಗಳಲ್ಲಿ ಹೆಚ್ಚಿತ್ತು. ನೀವು ವಾಕಿಂಗ್ ಕರೆದೊಯ್ದಾಗ ನಾಯಿ ಒಂದು ಕಂಬದ ಬುಡದಲ್ಲಿ ನಿಂತರೆ ಹಗ್ಗ ಎಳೆಯಬೇಡಿ. ನಿಲ್ಲಿ. ಮಟ್ಟು ಕಡಲತೀರ ನಿಮಗೆ ಹತ್ತಿರ. ಬೆಳಿಗ್ಗೆ ಡಾಮರು ಕಾಯುವ ಮೊದಲು ಉದ್ದದ ಹಗ್ಗ ಹಾಕಿ ಕರೆದುಕೊಂಡು ಹೋಗಿ, ಮರಳಿನಲ್ಲಿ ಅದರ ಇಷ್ಟದಂತೆ ಮೂಸಲಿ. ಮೀನಿನ ಗಾಳ, ಹರಿದ ಬಲೆ ಬಿದ್ದ ಕಡೆ ಮಾತ್ರ ಜಾಗ್ರತೆ.

ಮಳೆಗಾಲದಲ್ಲಿ? ಹಳೆಯ ಗೋಣಿಚೀಲವನ್ನು ಸುರುಳಿ ಸುತ್ತಿ, ಮಡಿಕೆಗಳ ನಡುವೆ ದಿನದ ಊಟದ ಒಂದು ಪಾಲನ್ನು ಅಡಗಿಸಿ ಜಗಲಿಯಲ್ಲಿ ಕೊಡಿ. ಬಿಡಿಸಿ ತಿನ್ನಲು ಅದಕ್ಕೆ ಹೊತ್ತು ಹಿಡಿಯುತ್ತದೆ. ತಿಂದಾದ ಮೇಲೆ ಗೋಣಿಯನ್ನು ಎತ್ತಿಡಿ, ದಾರ ನುಂಗಬಾರದು. ಟೊಳ್ಳು ರಬ್ಬರಿಗೆ ಕುಚ್ಚಲಕ್ಕಿ ಅನ್ನ, ಮುಳ್ಳು ಬಿಡಿಸಿದ ಬೇಯಿಸಿದ ಬಂಗುಡೆ ಕಲಸಿ ತುಂಬಿ ಫ್ರೀಜರಿನಲ್ಲಿಟ್ಟು, ಸೆಕೆಯ ಮಧ್ಯಾಹ್ನ ಕೊಟ್ಟು ನೋಡಿ. ಉಪ್ಪು, ಮೆಣಸು, ಹುಳಿ ಸೋಕುವ ಮೊದಲೇ ನಾಯಿಯ ಪಾಲನ್ನು ತೆಗೆದಿಡಬೇಕು. ಪೊಟ್ಟಣದ ಯಾವ ತಿಂಡಿಯೂ ಇದಕ್ಕೆ ಸಾಟಿಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ತಿಂಡಿಯ ಲೆಕ್ಕವನ್ನೂ ಹೇಳಬೇಕು. ದಿನದ ಒಟ್ಟು ಕ್ಯಾಲರಿಯಲ್ಲಿ ತಿಂಡಿಯ ಪಾಲು ನೂರಕ್ಕೆ 10 ಮೀರಬಾರದೆಂದು ಪಶುವೈದ್ಯರು ಹೇಳುತ್ತಾರೆ. 20 ಕಿಲೋ ತೂಗುವ ನಾಯಿಗೆ ದಿನಕ್ಕೆ ಸುಮಾರು 1000 ಕ್ಯಾಲರಿ ಸಾಕು, ಅಂದರೆ ತಿಂಡಿಗೆ 100. ಚಹಾದ ಹೊತ್ತಿಗೆ ನಾವು ಪ್ರೀತಿಯಿಂದ ಎಸೆಯುವ ನಾಲ್ಕೈದು ಗ್ಲುಕೋಸ್ ಬಿಸ್ಕತ್ತಿಗೆ ಅದು ಮುಗಿಯಿತು, ಅದೂ ಬರೀ ಮೈದಾ, ಸಕ್ಕರೆ. ಲ್ಯಾಬ್ರಡಾರ್ ಮೊದಲೇ ಹೊಟ್ಟೆಬಾಕ ಜಾತಿ. ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ, ಬೀನ್ಸ್, ಒಂದು ಚೂರು ಮೊಟ್ಟೆ ಕೊಡಿ.

ಕೊಡಲೇಬಾರದ್ದು: ಚಾಕಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ. ದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಈರುಳ್ಳಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿರುವ ಝೈಲಿಟಾಲ್ ಅತಿ ಅಪಾಯಕಾರಿ; ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯೊಳಗೆ ಕುಸಿಯಬಹುದು, ಪಿತ್ತಜನಕಾಂಗವೂ ಕೆಡಬಹುದು. ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಇವೆಲ್ಲ ಇರುತ್ತವೆ, ಮೇಜಿನ ಮೇಲೆ ಬಿಚ್ಚಿಡಬೇಡಿ. ಭಾನುವಾರದ ಕೋಳಿ ಸುಕ್ಕದ ಎಲುಬು ಬೆಂದದ್ದು. ಕಚ್ಚಿದರೆ ಚೂಪಾಗಿ ಸಿಗಿದು ಕರುಳಿಗೆ ಚುಚ್ಚುತ್ತದೆ. ಅಂಗಳದಲ್ಲಿ ಅಡಿಕೆ ಒಣಹಾಕುವವರೂ ಎಚ್ಚರವಿರಲಿ. ಅಡಿಕೆಯ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಕಳೆಯುವ ಮದ್ದಾಗಿ ಬಳಸುತ್ತಿದ್ದರು, ಅಷ್ಟು ತೀಕ್ಷ್ಣವಾಗಿ ಭೇದಿ ಮಾಡಿಸುವ ವಸ್ತು ಅದು.

ನಿಮ್ಮ ಪತ್ರ ನನ್ನನ್ನು ಇನ್ನೂ ದೂರ ಕೊಂಡೊಯ್ದಿತು. ಕಾಪು, ಶಿರ್ವ, ಮೂಲ್ಕಿಯ ಕಡೆ ಎಷ್ಟೊಂದು ದೊಡ್ಡ ಮನೆಗಳು. ಎತ್ತರದ ಕಂಪೌಂಡು, ನಾಲ್ಕು ಮೂಲೆಗೆ ಕ್ಯಾಮೆರಾ, ಒಳಗೆ ಇಬ್ಬರು ವೃದ್ಧರು, ಹೊರಗೆ ಗೂಡಿನಲ್ಲಿ ಒಂದು ನಾಯಿ. ಮಕ್ಕಳು ದೂರದಿಂದ ವಸ್ತು ಕಳಿಸುತ್ತಾರೆ. ಅವರ ಪ್ರೀತಿ ಸುಳ್ಳಲ್ಲ, ಅವರ ಬಳಿ ಕಳಿಸಲು ಇರುವುದೇ ವಸ್ತು. ಆದರೆ ಊರಿನಲ್ಲಿರುವ ನಾವೂ ಕ್ರಮೇಣ ಹಾಗೇ ಆಗಿಬಿಟ್ಟೆವು. ಮಗು ಅತ್ತರೆ ಮೊಬೈಲು, ನಾಯಿ ಬೊಗಳಿದರೆ ಬೊಂಬೆ. ಫ್ಲ್ಯಾಟುಗಳಲ್ಲಿ ಇನ್ನೊಂದು ಕಥೆ: ನಾಯಿ ಲಿಫ್ಟಿಗೆ ಬರಬಾರದು, ಅಂಗಳದಲ್ಲಿ ಕಾಣಬಾರದು ಎಂದು ಬೋರ್ಡು. ಹಾಗಾದರೆ ಅದು ನಡೆಯಬೇಕಾದದ್ದು ಎಲ್ಲಿ? ಊರಿಗೊಂದು ಬೇಲಿ ಹಾಕಿದ ಬಯಲು, ದಿನಕ್ಕೆ ಎರಡು ಗಂಟೆ ನಾಯಿಗಳಿಗೆ ಎಂದು ಬಿಟ್ಟುಕೊಡಿ ಅಂತ ನಮ್ಮ ಪಾಲಿಕೆ, ಪಂಚಾಯತುಗಳನ್ನು ಕೇಳುವ ಧ್ವನಿಯೇ ಇಲ್ಲ. ಲಸಿಕೆ ಹಾಕಿಸಿದ, ಹಗ್ಗದಲ್ಲಿ ನಡೆಯಲು ಕಲಿತ ನಾಯಿಗಳು ಬೀದಿಯಲ್ಲಿ ದಿನಾ ಕಂಡರೆ ಜನರ ಭಯವೂ ಇಳಿಯುತ್ತದೆ ಎಂದು ನಾನು ನಂಬಿದ್ದೇನೆ. ನಿಮ್ಮಂಥ ಟೀಚರು ಪಂಚಾಯತಿಗೆ ಬರೆದರೆ ಓದುತ್ತಾರೆ. ಬರೆಯಿರಿ.

ಬೆಕ್ಕಿನ ವಿಷಯ. ಅದಕ್ಕೆ ಆಟವೆಂದರೆ ಬೇಟೆ: ಹೊಂಚು, ನೆಗೆತ, ಹಿಡಿತ. ಒಂದು ರಟ್ಟಿನ ಪೆಟ್ಟಿಗೆ, ಕಾಗದದ ಉಂಡೆ, ಕೋಲಿನ ತುದಿಗೆ ಕಟ್ಟಿದ ಗರಿ ಸಾಕು, ಆಡಿಸಲು ನೀವು ಬೇಕು. ಹಾಲು ಹೆಚ್ಚಿನ ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ಬರೀ ಹಾಲು-ಅನ್ನ ತಿಂದರೆ ಮಾಂಸ, ಮೀನಿನಿಂದ ಸಿಗುವ ಟಾರಿನ್ ಎಂಬ ಪೋಷಕಾಂಶ ಕಡಿಮೆಯಾಗಿ ಕಣ್ಣು, ಹೃದಯ ಎರಡೂ ಸೋಲುತ್ತವೆ. ಬೂತಾಯಿ ಮೀನು ಕೊಡುವುದಾದರೆ ಬೇಯಿಸಿ ಕೊಡಿ. ಕೆಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶ ಮಾಡುವ ಅಂಶವಿದೆ, ಬೆಂದರೆ ಅದು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹೊಲಿಗೆಯ ದಾರ, ಉಲ್ಲನ್ನಿನ ಎಳೆ, ಮಲ್ಲಿಗೆ ಕಟ್ಟಿ ಉಳಿದ ಬಾಳೆನಾರು ಅದರ ಬಾಯಿಗೆ ಸಿಗದಿರಲಿ. ನುಂಗಿದ ದಾರ ಕರುಳನ್ನು ನೆರಿಗೆ ಹಿಡಿದು ಕೊಯ್ಯುತ್ತದೆ. ಬಾಯಿಯಿಂದಲೋ ಹಿಂದಿನಿಂದಲೋ ತುದಿ ನೇತಾಡುವುದು ಕಂಡರೆ ಎಳೆಯಬೇಡಿ, ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ.