ಮೌಸ್ ತಗೊಳ್ಳೋ ಮೊದಲು ಬೆರಳು ನೋಡಿಕೊಳ್ಳಿ

ದಿನಕ್ಕೆ 10 ಗಂಟೆ ಕಂಪ್ಯೂಟರ್ ಕೆಲಸ, ಎರಡು ತಿಂಗಳಿಂದ ಬಲಗೈ ಮಣಿಕಟ್ಟು ನೋವು, ರಾತ್ರಿ ಬೆರಳು ಜೋಮು ಹಿಡಿಯುತ್ತೆ, ವರ್ಟಿಕಲ್ ಮೌಸ್ (ಕೈಕುಲುಕುವ ಹಾಗೆ ಅಂಗೈ ಪಕ್ಕಕ್ಕಿಟ್ಟು ಹಿಡಿಯುವ ಮೌಸ್) ತಗೊಂಡರೆ ಹೋಗುತ್ತಾ ಅಂತ ಕೇಳಿದ್ದೀರಿ. ನಾನು ಅಂಥ ಮೌಸ್ ಒಂದಲ್ಲ, ಮೂರು ತಗೊಂಡೆ. ಈಗ ಮೂರೂ ಡ್ರಾಯರ್‌ನಲ್ಲಿ ಬಿದ್ದಿವೆ. ಮೌಸ್ ಕೆಟ್ಟದ್ದು ಅಂತಲ್ಲ. ಕಾಯಿಲೆ ಯಾವುದು ಅಂತಲೇ ಗೊತ್ತಿಲ್ಲದೆ ಮಾತ್ರೆ ನುಂಗಿದ ಹಾಗಿತ್ತು ನನ್ನ ಕಥೆ.

ಮೊದಲು ಯಾವ ಬೆರಳು ಅಂತ ನೋಡಿ. ನಡುರಾತ್ರಿ ಎಚ್ಚರ ಆದಾಗ ನಿದ್ದೆಗಣ್ಣಲ್ಲೇ ಒಂದೊಂದೇ ಬೆರಳನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಳ್ಳಿ. ನನಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಊದಿಕೊಂಡ ಹಾಗೆ ಅನಿಸುತ್ತಿತ್ತು. ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಡಾಕ್ಟರ್ ಒಂದು ಹತ್ತಿ ಎಳೆ ತಗೊಂಡು ಉಂಗುರ ಬೆರಳನ್ನು ಎರಡೂ ಪಕ್ಕ ಸವರಿದರು. ಕಿರುಬೆರಳಿನ ಕಡೆ ಚೆನ್ನಾಗಿ ಗೊತ್ತಾಯಿತು, ನಡುಬೆರಳಿನ ಕಡೆ ಮಂಕು. ಒಂದೇ ಬೆರಳು, ಅರ್ಧ ಎಚ್ಚರ, ಅರ್ಧ ನಿದ್ದೆ! ಆ ಗಡಿ, ಮಣಿಕಟ್ಟಿನ ಮೂಲಕ ಈ ಬೆರಳುಗಳಿಗೆ ಹೋಗುವ ಮೀಡಿಯನ್ ನರದ ಗುರುತಂತೆ. ಕಾರ್ಪಲ್ ಟನಲ್ ಅಂತ ಎಲ್ಲರೂ ಹೇಳುವುದು ಆ ನರ ಮಣಿಕಟ್ಟಿನಲ್ಲಿ ಒತ್ತಿಸಿಕೊಳ್ಳುವುದನ್ನೇ.

ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ ಒಂದು ಗಟ್ಟಿ ಪಟ್ಟಿ ಹೊದ್ದಿಸಿದ ಹಾಗೆ ಒಂದು ಸುರಂಗ ಇದೆ. ಬೆರಳು ಮಡಚುವ 9 ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ನಾರು), ಜೊತೆಗೆ ಈ ನರ, ಎಲ್ಲಾ ಅದರೊಳಗೇ ಹೋಗಬೇಕು. ಮಣಿಕಟ್ಟನ್ನು ಮೇಲಕ್ಕೆ ಬಗ್ಗಿಸಿ, ಕೆಳಕ್ಕೆ ಬಗ್ಗಿಸಿ, ಎರಡರಲ್ಲೂ ಒಳಗಿನ ಒತ್ತಡ ಜಾಸ್ತಿ ಆಗುತ್ತೆ. ನಿದ್ದೆಯಲ್ಲಿ ನಾವು ಕೈಯನ್ನು ಹೇಗೆಹೇಗೋ ಮಡಚಿ ಮಲಗುತ್ತೇವಲ್ವಾ, ಅದಕ್ಕೇ ರಾತ್ರಿ ಕಾಟ.

ಹಾಗಾಗಿ ನನಗೆ ಎಲ್ಲಕ್ಕಿಂತ ಕೆಲಸ ಮಾಡಿದ್ದು ರಾತ್ರಿ ಹಾಕಿಕೊಳ್ಳುವ ಸ್ಪ್ಲಿಂಟ್. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ, ಅಷ್ಟೇ. ಮೊದಲ ವಾರ ಕಿರಿಕಿರಿ ತಡೆಯದೆ ನಿದ್ದೆಯಲ್ಲೇ ಕಿತ್ತು ಬಿಸಾಡಿದ್ದೆ. ಬೆಳಗ್ಗೆ ಎದ್ದರೆ ಮಂಚದ ಕೆಳಗೆ ಸಿಗುತ್ತಿತ್ತು. ಒಂದು ತಿಂಗಳ ಹೊತ್ತಿಗೆ ರಾತ್ರಿ ಏಳುವುದು ನಿಂತಿತು. ಹಗಲು ಅದನ್ನು ಕಟ್ಟಿಕೊಂಡೇ ಟೈಪ್ ಮಾಡಲು ಹೋಗಬೇಡಿ. ಪಟ್ಟಿಯ ಜೊತೆ ಗುದ್ದಾಡಿ ಭುಜ ನೋಯಿಸಿಕೊಳ್ಳುತ್ತೀರಿ.

ಇನ್ನು ಮೇಜಿನ ವಿಷಯ. ಕೀಬೋರ್ಡ್ ತಿರುಗಿಸಿ ನೋಡಿ, ಹಿಂದುಗಡೆ ಎರಡು ಪುಟ್ಟ ಕಾಲು ಇರುತ್ತವೆ. ನಾವೆಲ್ಲ ಅದನ್ನು ಎತ್ತಿ ನಿಲ್ಲಿಸುತ್ತೇವೆ, ಇರೋದೇ ಅದಕ್ಕೆ ಅನ್ನೋ ಹಾಗೆ. ಎತ್ತಿದರೆ ಕೀಗಳು ಚೆನ್ನಾಗಿ ಕಾಣುತ್ತವೆ ನಿಜ, ಆದರೆ ಮಣಿಕಟ್ಟು ದಿನವಿಡೀ ಮೇಲಕ್ಕೆ ಬಗ್ಗಿರುತ್ತೆ. ಮಡಚಿಬಿಡಿ. ಕಾಸು ಖರ್ಚಿಲ್ಲದ ಚಿಕಿತ್ಸೆ. ಕುರ್ಚಿಯನ್ನೂ ಸ್ವಲ್ಪ ಏರಿಸಿ, ಮೊಣಕೈ ಕೀಬೋರ್ಡ್ ಮಟ್ಟಕ್ಕೆ ಬರಲಿ. ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೆ ಏನಾದರೂ ಇಟ್ಟುಕೊಳ್ಳಿ. ಕೆಲಸ ಮುಗಿಸಿದ ಮೇಲೆ ಒಂದು ಸಲ ನಿಮ್ಮ ಮಣಿಕಟ್ಟಿನ ಒಳಬದಿ ನೋಡಿ. ನನಗೆ ಅಲ್ಲಿ ಮೇಜಿನ ಅಂಚು ಒತ್ತಿ ಕೆಂಪಗೆ ಒಂದು ಗೆರೆ ಬಿದ್ದಿರುತ್ತಿತ್ತು, ಸರಿಯಾಗಿ ಆ ಸುರಂಗದ ಬಾಯಿಯ ಹತ್ತಿರ. ಅದಕ್ಕೆ ಮೆತ್ತನೆಯ ದಿಂಬಿನ ಪಟ್ಟಿ ತಂದು ಟೈಪ್ ಮಾಡುವಾಗಲೂ ಅದರ ಮೇಲೇ ಊರಿದೆ. ಮೆತ್ತಗಿದ್ದರೂ ಒತ್ತಡ ಒತ್ತಡವೇ. ಟೈಪ್ ಮಾಡುವಾಗ ಕೈ ತೇಲುತ್ತಿರಲಿ, ನಿಲ್ಲಿಸಿದಾಗ ಮಾತ್ರ ಊರಿ.

ಮೌಸ್‌ಗೆ ಬರೋಣ. ನನ್ನ ತಪ್ಪು ಮೌಸಿನ ಆಕಾರದಲ್ಲಿ ಇರಲಿಲ್ಲ, ಅದು ಇದ್ದ ಜಾಗದಲ್ಲಿತ್ತು. ಕೀಬೋರ್ಡಿನ ಬಲತುದಿಯ ನಂಬರ್ ಕೀಗಳನ್ನು ದಾಟಿ, ಕೈ ಚಾಚಿ ಹಿಡಿಯುತ್ತಿದ್ದೆ. ನಂಬರ್ ಕೀ ಇಲ್ಲದ ಚಿಕ್ಕ ಕೀಬೋರ್ಡ್ ಹಾಕಿದ ಮೇಲೆ ಮೌಸ್ ಮೈಗೆ ಹತ್ತಿರ ಬಂತು. ಆಮೇಲೆ ಅದನ್ನು ಎಡಗೈಗೆ ವರ್ಗ ಮಾಡಿದೆ. ಮೊದಲ ಹತ್ತು ದಿನ ಒಂದು ಫೈಲ್ ಎಳೆಯಲು ಹೋಗಿ ಇನ್ನೊಂದು ಫೋಲ್ಡರಿಗೆ ಹಾಕುತ್ತಿದ್ದೆ. ಈಗ ಎರಡೂ ಕೈ ಪಾಳಿ ಮೇಲೆ ದುಡಿಯುತ್ತವೆ.

ಎದ್ದು ಓಡಾಡಿ ಅಂತ ನೆನಪಿಸುವ ಆ್ಯಪ್ ಎರಡೇ ದಿನ ನಡೆಯಿತು. ಮೂರನೇ ದಿನದಿಂದ ನೋಡದೇ ಮುಚ್ಚುವುದು ಅಭ್ಯಾಸ ಆಯಿತು. ಮೇಜಿನ ಮೇಲಿದ್ದ ದೊಡ್ಡ ನೀರಿನ ಬಾಟಲಿ ತೆಗೆದು ಸಣ್ಣ ಲೋಟ ಇಟ್ಟೆ. ಬಾಯಾರಿದಾಗಲೆಲ್ಲ ಏಳಲೇಬೇಕು.

ಸ್ಪಂಜ್ ಚೆಂಡು ಹಿಸುಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನೋವು ಜೋರಾಗಿದ್ದಾಗ ಹಿಸುಕಿ ನನಗೆ ಇನ್ನೂ ಜಾಸ್ತಿ ಆಯಿತು. ಬೆರಳು ಮಡಚುವ ಟೆಂಡನ್‌ಗಳು ದಿನವಿಡೀ ದುಡಿದು ಬಂದಿರುತ್ತವೆ, ಅವಕ್ಕೆ ಸುಮ್ನೆ ಮತ್ತೆ ಅದೇ ಕೆಲಸ ಯಾಕೆ? ವ್ಯಾಯಾಮ ಬೇಕು, ಆದರೆ ಫಿಸಿಯೋ ನೋಡಿ ಹೇಳಲಿ. ನೋವಿನ ಮಾತ್ರೆ ನುಂಗಿ ಕೆಲಸ ಮುಂದುವರಿಸುವುದು ಚೆಂಡು ಹಿಸುಕುವುದಕ್ಕಿಂತ ಕೆಟ್ಟದ್ದು.

ನೋವು ಹೆಬ್ಬೆರಳಿನ ಬುಡದ ಪಕ್ಕದಲ್ಲಿದ್ದು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕೈಯನ್ನು ಕಿರುಬೆರಳಿನ ಕಡೆ ಮೆಲ್ಲಗೆ ವಾಲಿಸಿದರೆ ಚುಳುಕ್ ಅಂದರೆ, ಅದು ಬೇರೆ. ಡಿ ಕ್ವೆರ್ವೇನ್ ಅಂತಾರೆ, ಹೆಬ್ಬೆರಳಿನ ಟೆಂಡನ್‌ಗಳ ತೊಂದರೆ. ಅಲ್ಲಿ ಕೀಬೋರ್ಡ್ ಬಿಟ್ಟು, ಹೆಬ್ಬೆರಳಲ್ಲಿ ಫೋನ್ ಉಜ್ಜುವುದನ್ನು ಮೊದಲು ಅನುಮಾನಿಸಿ.

ಡಾಕ್ಟರ್ ಹತ್ತಿರ ಹೇಗೂ ಹೋಗಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಗರ್ಭಿಣಿಯಾಗಿರುವುದು, ಇವೆಲ್ಲ ಇದೇ ಜೋಮು ತರಬಹುದು. ಎಲ್ಲಾ ತಪ್ಪನ್ನೂ ಕೀಬೋರ್ಡ್ ಮೇಲೆ ಹಾಕಬೇಡಿ. ಹಗಲಲ್ಲೂ ಜೋಮು ಬಿಡದಿದ್ದರೆ, ಲೋಟ ಕೈಜಾರುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ತಡಕಾಡುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸ ಬತ್ತಿದ ಹಾಗೆ ಕಂಡರೆ ಕಾಯಬೇಡಿ. ತುಂಬಾ ದಿನ ಒತ್ತಿಸಿಕೊಂಡ ನರ ಪೂರ್ತಿ ಚೇತರಿಸಿಕೊಳ್ಳದೇ ಇರಬಹುದು. ನರದ ವೇಗ ಅಳೆಯುವ ಪರೀಕ್ಷೆ ಇದೆ, ಸಣ್ಣ ಸಣ್ಣ ಶಾಕ್ ಕೊಡುತ್ತಾರೆ, ಹೆದರುವಂಥದ್ದಲ್ಲ.

ಮೌಸ್ ಬೇಕೇಬೇಕು ಅನಿಸಿದರೆ ಯಾರದ್ದಾದರೂ ಒಂದು ವಾರ ಎರವಲು ತಂದು ನೋಡಿ. ನನ್ನ ಮೂರರಲ್ಲಿ ಎರಡು ನನ್ನ ಕೈಗೆ ದೊಡ್ಡವೇ ಆದವು.

ಒಂದು ಮಾತು ನೀವು ಬರೆದಿಲ್ಲ: ಕಿರುಬೆರಳಿಗೂ ಜೋಮು ಬರುತ್ತಾ? ಬರುತ್ತಿದ್ದರೆ ಮೇಲೆ ಹೇಳಿದ್ದರಲ್ಲಿ ಅರ್ಧ ನಿಮಗಲ್ಲ. ಅದು ಹೆಚ್ಚಾಗಿ ಮೊಣಕೈ ಹಿಂದೆ ಹಾದುಹೋಗುವ ಇನ್ನೊಂದು ನರದ ತಕರಾರು. ಕುರ್ಚಿಯ ತೋಳಿನ ಮೇಲೆ ಮೊಣಕೈ ಊರಿ ಕೂರುವುದನ್ನು ಇವತ್ತೇ ಬಿಡಿ, ಡಾಕ್ಟರಿಗೂ ಅದನ್ನೇ ಮೊದಲು ಹೇಳಿ.